ಡೆಸ್ಕ್ ಬಿಟ್ಟು ಮ್ಯಾನೇಜ್‌ಮೆಂಟ್‌ಗೆ ಹೋಗಲಾ? ಮುಂಬೈಯ ನ್ಯೂಸ್ ಎಡಿಟರ್ ಒಬ್ಬನ ಪ್ರಶ್ನೆ

ಥಾಣೆ ಡೆಸ್ಕ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಪತ್ರಿಕೆಯವರೂ ಇದ್ದೀರಿ, ಪತ್ರಿಕೆಯಿಂದ ಬಚಾವಾಗಿ ಹೋದವರೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನದು ಕುಂದಾಪುರದ ಕಡೆ. ಮುಂಬೈಗೆ ಬಂದು 26 ವರ್ಷ ಆಯಿತು. ಮೊದಮೊದಲು ಹಗಲು ಫೋರ್ಟಿನ ಹೋಟೆಲೊಂದರಲ್ಲಿ ಗಲ್ಲೆಗೆ ಕೂರುತ್ತಿದ್ದೆ, ರಾತ್ರಿ ಪತ್ರಿಕೆಯಲ್ಲಿ ಪ್ರೂಫ್ ನೋಡುತ್ತಿದ್ದೆ. ಆಮೇಲೆ ಸಬ್ ಎಡಿಟರ್, ಚೀಫ್ ಸಬ್, ಈಗ ಆರು ವರ್ಷದಿಂದ ನ್ಯೂಸ್ ಎಡಿಟರ್. ಪತ್ರಿಕೆಯ ಹೆಸರು ಬೇಡ ಬಿಡಿ. ಹೋದ ವಾರ ಮಾಲೀಕರು ಕರೆದು ವೈಸ್ ಪ್ರೆಸಿಡೆಂಟ್ ಆಗ್ತೀರಾ ಅಂತ ಕೇಳಿದರು. ಕಂಟೆಂಟ್, ಪ್ರೆಸ್ಸು, ಸರ್ಕ್ಯುಲೇಷನ್, ವೆಬ್‌ಸೈಟು ಎಲ್ಲ ನನ್ನ ಕೆಳಗೆ ಬರುತ್ತದೆ. ಸಂಬಳ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಬೆಳಿಗ್ಗೆ 10ಕ್ಕೆ ಹೋಗಿ ಸಂಜೆ 7ಕ್ಕೆ ಹೊರಟುಬಿಡಬಹುದು.

ಮನೆಯವಳು ಒಂದೇ ಮಾತು ಹೇಳಿದಳು: "ಮಗಳು ಈಗ ಹನ್ನೆರಡನೇ ಕ್ಲಾಸು. ಅವಳು ಹುಟ್ಟಿದಾಗಿನಿಂದ ನೀವು ವಾರದ ದಿನ ಮನೇಲಿ ರಾತ್ರಿ ಊಟ ಮಾಡಿದ್ದನ್ನು ನಾನು ನೋಡಿಲ್ಲ." ಅದು ನಿಜ.

ಹಾಗಿದ್ದರೂ ಹೂಂ ಅನ್ನಲು ಬಾಯಿ ಬರುತ್ತಿಲ್ಲ. ಕಾರಣ ಕೇಳಿದರೆ ನಗಬೇಡಿ. ನನ್ನ ಅಮ್ಮನಿಗೆ 78. ನಮ್ಮ ಜೊತೆಗೇ ಇದ್ದಾಳೆ. ಓದಿದ್ದು ಐದನೇ ಕ್ಲಾಸು. ಬೆಳಿಗ್ಗೆ ಪೇಪರ್ ಬಂದ ಕೂಡಲೇ ಮುಖಪುಟ ನೋಡುವುದಿಲ್ಲ. ತಿರುಗಿಸಿ, ಕೊನೆಯ ಪುಟದ ಅಡಿಗೆ ಭೂತಗನ್ನಡಿ ಹಿಡಿಯುತ್ತಾಳೆ. ಮುದ್ರಕರು, ಪ್ರಕಾಶಕರು, ಸುದ್ದಿಗಳ ಆಯ್ಕೆಗೆ ಕಾಯ್ದೆಯ ಪ್ರಕಾರ ಹೊಣೆ ಇವರು ಅಂತ ಇರುವೆ ಸಾಲಿನಂತೆ ಅಚ್ಚಾಗಿರುತ್ತದಲ್ಲ, ಅಲ್ಲಿ. ನಾಲ್ಕು ವರ್ಷದಿಂದ ಅಲ್ಲಿರುವುದು ನನ್ನ ಹೆಸರು. ಅದನ್ನು ಓದಿ ಆದ ಮೇಲೇ ಅವಳ ಕಾಫಿ.

ಸೋಮವಾರದೊಳಗೆ ಉತ್ತರ ಕೊಡಬೇಕು. ಹೋದವರು, ಹೋಗದೇ ಉಳಿದವರು ಏನಂತೀರಿ?

ಡೊಂಬಿವಲಿ ಪೂರ್ವ (ರಿಟೈರ್ಡ್)

ಮಾರಾಯ್ರೇ, 31 ವರ್ಷ ಸುದ್ದಿ ತಿದ್ದುವ ಡೆಸ್ಕಿನಲ್ಲೇ ಸವೆದವನು ನಾನು. ಹಾಗಾಗಿ ಉದ್ದ ಬರೆಯುತ್ತೇನೆ, ಕತ್ತರಿ ಹಾಕುವವರು ಯಾರೂ ಇಲ್ಲ ಇಲ್ಲಿ.

ನ್ಯೂಸ್ ಎಡಿಟರ್ ಅಂದರೆ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಸಂಪಾದಕರು ಗೊತ್ತು. ಅವರು ಅಗ್ರಲೇಖನ ಬರೆಯುತ್ತಾರೆ, ಮಾಟುಂಗಾದಲ್ಲಿ ದೀಪ ಹಚ್ಚುತ್ತಾರೆ, ಶಾಲು ಹೊದಿಸಿಕೊಳ್ಳುತ್ತಾರೆ. ರಿಪೋರ್ಟರಿಗೆ ಬೈಲೈನ್ ಇದೆ. ನ್ಯೂಸ್ ಎಡಿಟರ್‌ಗೆ ಇರುವುದು ಪುಟದ ನಕ್ಷೆಯ ಡಮ್ಮಿ, ಪೆನ್ಸಿಲು, ಗಡಿಯಾರ. ಏನು ಹಾಕಬೇಕು ಅನ್ನುವುದಕ್ಕಿಂತ ಏನು ಹಾಕಬಾರದು ಅಂತ ಹೇಳುವುದೇ ಅವನ ಕೆಲಸ. ಅದನ್ನೂ ಹೊರ ಊರಿಗೆ ಹೋಗುವ ಡಾಕ್ ಎಡಿಷನ್ನಿನ ಪುಟ ಪ್ರೆಸ್ಸಿಗೆ ಬಿಡುವ ಹತ್ತು ನಿಮಿಷದ ಮೊದಲು ಹೇಳಬೇಕು.

2005ರ ಜುಲೈ 26 ಹೇಳುತ್ತೇನೆ ಕೇಳಿ. ನಮ್ಮ ಆಫೀಸು ಫೋರ್ಟಿನಲ್ಲಿತ್ತು. ಅಲ್ಲಿ ಮಾಮೂಲಿ ಮಳೆ. ಕಿಟಕಿಯಿಂದ ನೋಡಿದರೆ ಜನ ಕೊಡೆ ಹಿಡಿದು ಆರಾಮಾಗಿ ಓಡಾಡುತ್ತಿದ್ದರು. ಸಂಜೆ ಐದರ ಹೊತ್ತಿಗೆ ಕುರ್ಲಾದ ನಮ್ಮ ಸ್ಟ್ರಿಂಗರ್ (ಅರೆಕಾಲಿಕ ವರದಿಗಾರ) ಹುಡುಗ ಫೋನ್ ಮಾಡಿದ: "ಸರ್, ಬಸ್ಸಿನ ತಲೆ ಮಾತ್ರ ಕಾಣಿಸ್ತಿದೆ." ಚೀಫ್ ಸಬ್ ನಕ್ಕ. ಕುಡಿದಿದ್ದಾನಾ ನೋಡಿ ಅಂದ. ಆಮೇಲೆ ಕಲೀನಾದಿಂದ ಒಬ್ಬ ಓದುಗರು, ಆಮೇಲೆ ಸಾಕಿನಾಕಾದ ಹೋಟೆಲಿನವರು. ಮೂರನೆಯ ಫೋನಿನ ನಂತರ ಲೈನುಗಳೇ ಸತ್ತವು. ಒಂದೇ ದಿನ ಸಾಂತಾಕ್ರೂಜಿನಲ್ಲಿ 944 ಮಿ.ಮೀ., ಕೊಲಾಬಾದಲ್ಲಿ ಬರೀ 70 ಚಿಲ್ಲರೆ ಅನ್ನುವ ಲೆಕ್ಕ ಸಿಕ್ಕಿದ್ದು ಆಮೇಲೆ. ಆ ಸಂಜೆ ನನ್ನ ಕೈಯಲ್ಲಿ ಇದ್ದದ್ದು ಮೂರು ಫೋನು, ಎದುರಿಗೆ ಒಂದು ಕಿಟಕಿ. ಕಿಟಕಿ ಒಂದು ಹೇಳುತ್ತಿತ್ತು, ಫೋನು ಇನ್ನೊಂದು. ಫೋನನ್ನು ನಂಬಿದೆ.

ಮುಖಪುಟದಲ್ಲಿ ಅರ್ಧ ಪುಟ ಜಾಹೀರಾತು ಬುಕ್ ಆಗಿತ್ತು, ಯಾವುದೋ ಸೀರೆ ಅಂಗಡಿಯ ಮಾನ್ಸೂನ್ ಸೇಲ್. ಮಾನ್ಸೂನ್ ಸೇಲ್, ಆ ದಿನ! ಜಾಹೀರಾತು ಮ್ಯಾನೇಜರ್ ಸಯಾನ್ ಹತ್ತಿರ ನೀರಲ್ಲಿ ಸಿಕ್ಕಿಬಿದ್ದಿದ್ದರು, ಕೇಳುವುದಕ್ಕೆ ಆಗಲಿಲ್ಲ. ತೆಗೆದು ಐದನೇ ಪುಟಕ್ಕೆ ಎಸೆದೆ. ಡೆಸ್ಕಿನಲ್ಲಿ ಇದ್ದದ್ದು ನಾಲ್ಕು ಜನ, ಪ್ಯಾಂಟ್ರಿಯಲ್ಲಿ ಒಂದು ಪ್ಯಾಕೆಟ್ ಗ್ಲೂಕೋಸ್ ಬಿಸ್ಕತ್ತು. ಪೇಪರ್ ಅಚ್ಚಾಯಿತು. ಸೆಂಟ್ರಲ್ ಲೈನ್ ನಿಂತುಹೋಗಿತ್ತಾದ್ದರಿಂದ ಕಟ್ಟುಗಳು ಸಿಎಸ್‌ಟಿ ಸ್ಟೇಷನ್ನಿನಲ್ಲೇ ಕೂತವು. ಓದಿದವರು ಎಷ್ಟು ಜನವೋ! ಆ ಮ್ಯಾನೇಜರ್ ಮೂರು ವಾರ ನನ್ನ ಹತ್ತಿರ ಮಾತಾಡಲಿಲ್ಲ. ನನಗೇನೂ ಆಗಲಿಲ್ಲ. ಯಾಕೆಂದರೆ ಆ ರಾತ್ರಿ ಆ ಕುರ್ಚಿಯಲ್ಲಿ ಕೂತಿದ್ದವನು ನಾನು.

ನೀವು ವೈಸ್ ಪ್ರೆಸಿಡೆಂಟ್ ಆದ ಮೇಲೆ ಅಂಥ ರಾತ್ರಿ ಆ ಫೋನ್ ಯಾರಿಗೆ ಬರುತ್ತದೆ? ಅದನ್ನು ಯೋಚನೆ ಮಾಡಿ.

ಅಂಧೇರಿ ಸ್ಪೇಸ್ ಸೆಲ್ಲರ್

ಡೊಂಬಿವಲಿ ಅಣ್ಣ, ಮಾತು ಬಿಟ್ಟ ಆ ಮ್ಯಾನೇಜರ್ ಜಾತಿಯವನೇ ನಾನು 😀 18 ವರ್ಷದಿಂದ ಪತ್ರಿಕೆಯ ಜಾಹೀರಾತು ಜಾಗ ಮಾರುತ್ತಿದ್ದೇನೆ. ನಿಮ್ಮ ಕಥೆ ಚೆನ್ನಾಗಿದೆ. ನನ್ನ ಕಡೆಯದೂ ಒಂದು ಕೇಳಿ.

ನೀವು ಮಾರುವ ಪೇಪರಿನ ಬೆಲೆಯಲ್ಲಿ ಅದರ ಕಾಗದದ ಖರ್ಚೂ ಎಷ್ಟೋ ಸಲ ಹುಟ್ಟುವುದಿಲ್ಲ. ಅದರಲ್ಲಿ ಏಜೆಂಟರ ಕಮಿಷನ್ ಬೇರೆ ಹೋಗಬೇಕು. ಉಳಿದದ್ದನ್ನು ತುಂಬುವುದು ಸೀರೆ ಅಂಗಡಿಯವನು, ಬಿಲ್ಡರು, ಟ್ಯೂಷನ್ ಕ್ಲಾಸಿನವನು. ಲಂಕೇಶರು 1980ರಲ್ಲಿ ಜಾಹೀರಾತು ಇಲ್ಲದೆ ಪತ್ರಿಕೆ ಶುರು ಮಾಡಿ ನಡೆಸಲಿಲ್ಲವೇ ಅಂತ ಯಾರಾದರೂ ಹೇಳುತ್ತೀರಿ, ನನಗೆ ಗೊತ್ತು. ಅದು ವಾರಪತ್ರಿಕೆ. ಓದುಗರು ಅವರ ಹೆಸರಿಗೇ ದುಡ್ಡು ಕೊಡುತ್ತಿದ್ದರು. ದಿನಪತ್ರಿಕೆ ಬೇರೆ ಪ್ರಾಣಿ.

2020ರ ಏಪ್ರಿಲ್ ನೆನಪಿದೆಯಾ? ಮನೆ ಬಾಗಿಲಿಗೆ ಪೇಪರ್ ಹಾಕುವುದನ್ನೇ ಮಹಾರಾಷ್ಟ್ರ ಸರ್ಕಾರ ನಿಲ್ಲಿಸಿಬಿಟ್ಟಿತ್ತು. ಪೇಪರ್ ಇಲ್ಲ, ಜಾಹೀರಾತು ಇಲ್ಲ. ಆಗ ಮೇಲಿನ ಮಹಡಿಯಲ್ಲಿ ಕೂತು ಯಾರ ಸಂಬಳ ಎಷ್ಟು ಕತ್ತರಿಸಬೇಕು ಅಂತ ಲೆಕ್ಕ ಹಾಕಿದವರಲ್ಲಿ ಡೆಸ್ಕಿನಿಂದ ಬಂದವರು ಎಷ್ಟು ಜನ ಇದ್ದರು? ನಾನು ಕಂಡ ಕಡೆ ಒಬ್ಬರೂ ಇರಲಿಲ್ಲ. ಸೋಪು, ಶಾಂಪೂ ಕಂಪನಿಯಿಂದ ಬಂದವರೇ ಜಾಸ್ತಿ. ಅವರ ಕಣ್ಣಿಗೆ ಸಬ್ ಎಡಿಟರ್ ಅಂದರೆ ಒಂದು ಖರ್ಚು, ಅಷ್ಟೇ.

ಥಾಣೆ ಸರ್, ನೀವು ಹೋಗದಿದ್ದರೆ ಆ ಕುರ್ಚಿ ಖಾಲಿ ಇರುವುದಿಲ್ಲ. ಸೋಪಿನವನು ಬಂದು ಕೂರುತ್ತಾನೆ. ಹೋಗಿ.

ಮಾಟುಂಗಾದ ಹಿರಿಯ

ಎಂ.ವಿ. ಕಾಮತರ ಹೆಸರು ಇನ್ನೂ ಯಾರೂ ಎತ್ತಲಿಲ್ಲವಲ್ಲ! ಉಡುಪಿಯವರು, 1921ರಲ್ಲಿ ಹುಟ್ಟಿದವರು. ಇದೇ ಬೊಂಬಾಯಿಯಲ್ಲಿ ಐದು ವರ್ಷ ಕೆಮಿಸ್ಟ್ ಆಗಿದ್ದು, 1946ರಲ್ಲಿ ಫ್ರೀ ಪ್ರೆಸ್ ಜರ್ನಲ್‌ಗೆ ರಿಪೋರ್ಟರ್ ಆಗಿ ಸೇರಿದರು. ಆಗ ಅಲ್ಲಿ ಅದನ್ನು ಕಟ್ಟಿದ ಎಸ್. ಸದಾನಂದರ ಕಾಲ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಕೂಡ ಟೈಮ್ಸ್ ಆಫ್ ಇಂಡಿಯಾಗೆ ಹೋಗುವ ಮೊದಲು ಅಲ್ಲೇ ಚಿತ್ರ ಬರೆಯುತ್ತಿದ್ದರು, ಬಾಳ ಠಾಕ್ರೆಯವರೂ ಅಲ್ಲೇ. ಕಾಮತರು ಆಮೇಲೆ ಪಿಟಿಐ ಸುದ್ದಿಸಂಸ್ಥೆಗಾಗಿ ವಿಶ್ವಸಂಸ್ಥೆ, ಟೈಮ್ಸ್‌ಗಾಗಿ ಬಾನ್, ಪ್ಯಾರಿಸ್, ವಾಷಿಂಗ್ಟನ್ ಎಲ್ಲ ನೋಡಿ ಬಂದು 1978ರಿಂದ 81ರವರೆಗೆ ಇಲಸ್ಟ್ರೇಟೆಡ್ ವೀಕ್ಲಿ ಸಂಪಾದಕರಾದರು. ಕೊನೆಗಾಲದಲ್ಲಿ ಪ್ರಸಾರ ಭಾರತಿಯ ಅಧ್ಯಕ್ಷರೂ ಆದರು. 2004ರಲ್ಲಿ ಪದ್ಮಭೂಷಣ. 2014ರಲ್ಲಿ ಮಣಿಪಾಲದಲ್ಲಿ ತೀರಿಕೊಂಡರು, 93 ವರ್ಷ.

ನನಗೆ ಅವರ ಎಲ್ಲ ವಿಚಾರಗಳೂ ಒಪ್ಪಿಗೆ ಇರಲಿಲ್ಲ, ಅದು ಬೇರೆ ಮಾತು. ಆದರೆ ಮೇಲೆ ಹೋದರೂ ಅಂಕಣ ಬರೆಯುವುದು ನಿಲ್ಲಿಸಲಿಲ್ಲ. ಅದನ್ನು ಗಮನಿಸಿ.

ಇನ್ನೊಂದು ಕಡೆ ವಡ್ಡರ್ಸೆ ರಘುರಾಮ ಶೆಟ್ಟರು. ಪ್ರಜಾವಾಣಿಯಲ್ಲಿ ಹೆಸರು ಮಾಡಿದವರು, ಓದುಗರಿಂದ ಷೇರು ಹಣ ಕೂಡಿಸಿ 1984ರಲ್ಲಿ ಮಂಗಳೂರಿನಲ್ಲಿ ಮುಂಗಾರು ತೆಗೆದರು. ಪತ್ರಿಕೆ ಎಷ್ಟೋ ಒಳ್ಳೆಯ ಪತ್ರಕರ್ತರನ್ನು ಕೊಟ್ಟಿತು. ಹಣದ ಲೆಕ್ಕ ಮಾತ್ರ ಕೈಕೊಟ್ಟಿತು. ಪೆನ್ನು ಹಿಡಿದ ಕೈಗೆ ಖಾತೆ ಪುಸ್ತಕವೂ ಒಗ್ಗಬೇಕು ಅಂತ ಏನಿಲ್ಲ.

ಡೊಂಬಿವಲಿ ಪೂರ್ವ (ರಿಟೈರ್ಡ್)

ಹಿರಿಯರೇ, ಒಗ್ಗಿದವರೂ ಇದ್ದಾರೆ. ಪುಣೆಯ ನಾನಾಸಾಹೇಬ್ ಪರುಳೇಕರ್ ಅಮೆರಿಕದಲ್ಲಿ ಓದಿ ಬಂದು 1932ರಲ್ಲಿ ಮರಾಠಿ ದಿನಪತ್ರಿಕೆ ಸಕಾಳ್ ಶುರು ಮಾಡಿದರು. ಸಂಪಾದಕರೂ ಅವರೇ, ಮಾಲೀಕರೂ ಅವರೇ. ಆದರೆ ಥಾಣೆಯವರು ಮಾಲೀಕರಾಗುತ್ತಿಲ್ಲ, ಮಾಲೀಕರ ಪಕ್ಕದ ಕೋಣೆಗೆ ಹೋಗುತ್ತಿದ್ದಾರೆ. ಅಲ್ಲೇ ಇರುವುದು ತೊಡಕು.

ವಾಸ್ಕೋದವ

ಕುರ್ಚಿ ಬದಲಾಯಿಸುವುದಕ್ಕೇ ಇಷ್ಟು ಚಿಂತೆಯಾ? ನಮ್ಮ ಗೋವಾದಲ್ಲಿ ಓ ಹೆರಾಲ್ಡೊ 1900ರಲ್ಲಿ ಪೋರ್ಚುಗೀಸಿನಲ್ಲಿ ಶುರುವಾಗಿ 1983ರಲ್ಲಿ ಇಂಗ್ಲಿಷ್ ಪತ್ರಿಕೆ ಆಯಿತು. ಭಾಷೆಯನ್ನೇ ಬದಲಾಯಿಸಿಕೊಂಡು ಬದುಕಿತು! ನೀವು ಮೇಲಿನ ಮಹಡಿಗೆ ಹೋಗಿ ಸರ್, ಲಿಫ್ಟ್ ಇದೆಯಲ್ಲ.

ಕೋಥ್ರೂಡ್ ಅಕ್ಕ

ನಾನು ಪತ್ರಕರ್ತೆ ಅಲ್ಲ. ನಮ್ಮ ಮನೆಯವರು ಪುಣೆಯಲ್ಲಿ ಒಂದು ಪತ್ರಿಕೆಯಲ್ಲಿ ನ್ಯೂಸ್ ಎಡಿಟರ್ ಇದ್ದರು, ಆಮೇಲೆ ನಿಮ್ಮ ಹಾಗೇ ಮೇಲಕ್ಕೆ ಹೋದರು. ಊರು ಧಾರವಾಡ. ಮನೆಯೊಳಗಿಂದ ಏನು ಕಂಡಿತು ಅಂತ ಹೇಳುತ್ತೇನೆ.

ಮೊದಲ ತಿಂಗಳು ನಾನು ಖುಷಿಯಾಗಿದ್ದೆ. ಎಂಟೂವರೆಗೆ ಬಿಸಿ ಭಕ್ರಿ ತಟ್ಟಿ ಹಾಕುತ್ತಿದ್ದೆ. ಅವರು ಉಂಡು, ಟಿವಿ ನೋಡಿ, ಹತ್ತಕ್ಕೆ ಹಾಸಿಗೆಗೆ ಹೋಗುತ್ತಿದ್ದರು. ಹನ್ನೆರಡೂವರೆಗೆ ಎದ್ದು ಕೂರುತ್ತಿದ್ದರು. ಯಾಕ್ರೀ ಅಂದರೆ, "ಈಗ ಸಿಟಿ ಎಡಿಷನ್ ಹೋಗಿರಬೇಕು" ಅನ್ನುತ್ತಿದ್ದರು. ಪ್ರೆಸ್ಸಿನ ಫೋರ್‌ಮನ್‌ಗೆ ಫೋನ್ ಮಾಡಲು ಕೈ ಹೋಗುತ್ತಿತ್ತು, ಮಾಡುತ್ತಿರಲಿಲ್ಲ. ಬೆಳಿಗ್ಗೆ ಪೇಪರಿನ ಮೇಲೆ ಕೆಂಪು ಪೆನ್ನು. ತಪ್ಪಿಗೆಲ್ಲ ಗುಂಡು ಸುತ್ತಿ, ಮಡಚಿ, ರದ್ದಿ ಡಬ್ಬಕ್ಕೆ. ಆಫೀಸಿಗೆ ಹೋಗಿ ಹೇಳುವ ಹಾಗಿಲ್ಲ, ಹೊಸ ನ್ಯೂಸ್ ಎಡಿಟರ್‌ಗೆ ಬೇಜಾರಾಗುತ್ತದೆ. ಆ ಹುಡುಗನನ್ನು ಕೂರಿಸಿದ್ದೂ ಇವರೇ. ನಮ್ಮ ರದ್ದಿವಾಲಾ ಒಂದು ದಿನ ಕೇಳಿಯೇಬಿಟ್ಟ: "ಸಾಹೇಬರು ಇನ್ನೂ ಪರೀಕ್ಷೆ ಪೇಪರ್ ತಿದ್ದುತ್ತಾರಾ?"

ಅದು ಹೋಗಲಿ, ಅಭ್ಯಾಸ, ಆರು ತಿಂಗಳಲ್ಲಿ ಬಿಟ್ಟುಹೋಯಿತು. ಬಿಡದೇ ಉಳಿದದ್ದು ಇನ್ನೊಂದು. ಕೊರೊನಾ ವರ್ಷದಲ್ಲಿ ಅವರ ಕೈಗೆ 11 ಹೆಸರಿನ ಪಟ್ಟಿ ಬಂತು. ಕರೆದು ಹೇಳಬೇಕಾದವರು ಇವರೇ. ಯಾಕೆಂದರೆ "ನಿಮ್ಮವರು, ನೀವು ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ." ಪಟ್ಟಿಯಲ್ಲಿ ನಾಲ್ಕನೆಯ ಹೆಸರು, ಇವರೇ ಹದಿನೈದು ವರ್ಷದ ಹಿಂದೆ ಕೆಲಸ ಕೊಡಿಸಿದ ಹುಡುಗನದು. ಹುಡುಗ ಏನು ಬಂತು, ಅವನಿಗೂ 40 ದಾಟಿತ್ತು. ಆ ಸಂಜೆ ಮನೆಗೆ ಬಂದವರು ಬೂಟು ಬಿಚ್ಚಲಿಲ್ಲ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತರು. ಚಹಾ ಆರಿ ಕೆನೆ ಕಟ್ಟಿತು. "ಅವನು ನನ್ನನ್ನೇ ಸಮಾಧಾನ ಮಾಡಿದ" ಅಂದರು, ಅಷ್ಟೇ.

ಅಂಧೇರಿಯವರು ಹೇಳಿದ್ದು ಸುಳ್ಳಲ್ಲ. ಡೆಸ್ಕಿನವರು ಮೇಲೆ ಇರಬೇಕು. ಆದರೆ ಮೇಲಿದ್ದವರು ಪಟ್ಟಿಯನ್ನು ಓದಿ ಹೇಳುವುದಕ್ಕೆ ಮಾತ್ರ ಡೆಸ್ಕಿನವರನ್ನು ಇಟ್ಟುಕೊಂಡರೆ? ಪಟ್ಟಿ ಮಾಡುವಾಗ ನಿಮ್ಮನ್ನು ಕೇಳುತ್ತಾರಾ, ಅದನ್ನು ಮೊದಲೇ ಕೇಳಿಕೊಳ್ಳಿ ಅಣ್ಣಾವರೇ.

ಅಂಧೇರಿ ಸ್ಪೇಸ್ ಸೆಲ್ಲರ್

ಅಕ್ಕ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮಲಾಡ್ ಡಿಜಿಟಲ್

ನಾನು ಈ ಗುಂಪಿನಲ್ಲೇ ಚಿಕ್ಕವಳು ಅನಿಸುತ್ತದೆ. ವೆಬ್‌ಸೈಟಿನ ಡೆಸ್ಕಿನಲ್ಲಿ ಇದ್ದೇನೆ. ನಮ್ಮಲ್ಲಿ "ಪುಟ ಬಿಡುವುದು" ಅಂತಲೇ ಇಲ್ಲ. ಗೋಡೆಯ ಮೇಲೆ ದೊಡ್ಡ ಸ್ಕ್ರೀನು. ಯಾವ ಸುದ್ದಿಯನ್ನು ಈಗ ಎಷ್ಟು ಜನ ಓದುತ್ತಿದ್ದಾರೆ ಅಂತ ಅಂಕಿ ಕುಣಿಯುತ್ತಾ ಇರುತ್ತದೆ. ಡೊಂಬಿವಲಿ ಸರ್ ಹೇಳಿದ ಕಿಟಕಿ, ನಮಗೆ ಅದೇ ಸ್ಕ್ರೀನು. ಅದರಲ್ಲಿ ಕುರ್ಲಾ ಕಾಣಿಸುವುದಿಲ್ಲ, ನಟಿಯ ಮದುವೆ ಕಾಣಿಸುತ್ತದೆ.

ಥಾಣೆ ಸರ್, ನೀವು ಮೇಲೆ ಹೋದರೆ ಒಂದೇ ಒಂದು ಉಪಕಾರ ಮಾಡಿ. ಆ ಸ್ಕ್ರೀನನ್ನು ಮಾರ್ಕೆಟಿಂಗ್‌ನವರ ಕೋಣೆಗೆ ಹಾಕಿಸಿ. ನಾವು ಬೇಕಾದಾಗ ಹೋಗಿ ನೋಡಿ ಬರುತ್ತೇವೆ.

ಮತ್ತೆ, ಮೇಲಿನ ಕುರ್ಚಿ ಗಟ್ಟಿ ಅಂದುಕೊಳ್ಳಬೇಡಿ. 2005ರಲ್ಲಿ ಮೂರೇ ತಿಂಗಳೊಳಗೆ ಮುಂಬೈ ಮಿರರ್, ಡಿಎನ್‌ಎ ಪತ್ರಿಕೆಗಳು, ಹಿಂದೂಸ್ತಾನ್ ಟೈಮ್ಸ್‌ನ ಇಲ್ಲಿನ ಆವೃತ್ತಿ ಎಲ್ಲ ಬಂದವು, ಡೆಸ್ಕಿನವರಿಗೆ ಬೇಡಿಕೆಯೋ ಬೇಡಿಕೆ ಅಂತ ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಡಿಎನ್‌ಎ ಅಚ್ಚು ನಿಂತಿತ್ತು, ಅದು 2019. ಮರು ವರ್ಷ ಡಿಸೆಂಬರಿನಲ್ಲಿ ಮಿರರ್ ದಿನಪತ್ರಿಕೆಯಾಗಿ ಉಳಿಯಲಿಲ್ಲ. ಪತ್ರಿಕೆ ಹೋದರೆ ಮೇಲೂ ಇಲ್ಲ, ಕೆಳಗೂ ಇಲ್ಲ.

ವಕೀಲ, ಮುಲುಂಡ್

ಭಾವನೆಯ ಮಾತು ಸಾಕಷ್ಟಾಯಿತು, ಸ್ವಲ್ಪ ಕಾಗದ ಪತ್ರ ನೋಡೋಣ.

1955ರ ವರ್ಕಿಂಗ್ ಜರ್ನಲಿಸ್ಟ್ಸ್ ಕಾಯ್ದೆಯಲ್ಲಿ ಪತ್ರಕರ್ತ ಅಂದರೆ ಯಾರು ಅಂತ ಹೇಳುವ ಕಲಮಿನಲ್ಲೇ ಒಂದು ಕೊಕ್ಕೆ ಇತ್ತು. ಮುಖ್ಯವಾಗಿ ಆಡಳಿತದ ಕೆಲಸ ಮಾಡುವವನು ಅದರಲ್ಲಿ ಬರುವುದಿಲ್ಲ. ಸುದ್ದಿ ಸಂಪಾದಕ ಬರುತ್ತಾನೆ, ವೈಸ್ ಪ್ರೆಸಿಡೆಂಟ್ ಬರುವುದಿಲ್ಲ. ಕೆಲಸದಿಂದ ತೆಗೆಯುವಾಗ ಸಂಪಾದಕನಿಗೆ ಆರು ತಿಂಗಳು, ಉಳಿದ ಪತ್ರಕರ್ತರಿಗೆ ಮೂರು ತಿಂಗಳು ನೋಟಿಸ್ ಕೊಡಬೇಕು ಅಂತ ಇತ್ತು. ನನಗೆ ಬಹಳ ಇಷ್ಟವಾದ ಕಲಂ ಇನ್ನೊಂದು: ಮೂರು ವರ್ಷ ಕೆಲಸ ಮಾಡಿದವನು ಆತ್ಮಸಾಕ್ಷಿಯ ಕಾರಣಕ್ಕೆ ರಾಜೀನಾಮೆ ಕೊಟ್ಟರೂ ಗ್ರ್ಯಾಚುಟಿ ಸಿಗುತ್ತಿತ್ತು. ಬೇರೆ ಕಾರಣಕ್ಕಾದರೆ ಹತ್ತು ವರ್ಷ ಆಗಿರಬೇಕು. ಆತ್ಮಸಾಕ್ಷಿಗೂ ಕಾಯ್ದೆಯಲ್ಲಿ ಜಾಗ ಕೊಟ್ಟಿದ್ದರು ನೋಡಿ. ಈಗ ಆ ಕಾಯ್ದೆಯನ್ನು ಹೊಸ ಕಾರ್ಮಿಕ ಸಂಹಿತೆಗಳೊಳಗೆ ಸೇರಿಸಿದ್ದಾರೆ. ಹಾಗಾಗಿ ಹೊಸ ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು ಯಾರಿಗಾದರೂ ತೋರಿಸಿ. ನನಗೇ ಅಂತಿಲ್ಲ.

ಇನ್ನು ನಿಮ್ಮ ತಾಯಿ ಓದುವ ಸಾಲು. ಅದು ಸುಮ್ನೆ ಶೋಭೆಗೆ ಇರುವುದಲ್ಲ. ಪತ್ರಿಕೆಗಳ ನೋಂದಣಿಯ 1867ರ ಕಾಯ್ದೆಯಿಂದ ಬಂದದ್ದು. 2024ರ ಮಾರ್ಚ್ 1ರಿಂದ ಅದರ ಜಾಗದಲ್ಲಿ ಹೊಸ ಕಾಯ್ದೆ ಬಂದಿದೆ. ಅಲ್ಲಿ ಸಂಪಾದಕ ಅಂತ ಯಾರ ಹೆಸರು ಅಚ್ಚಾಗುತ್ತದೋ, ಮಾನನಷ್ಟದ ನೋಟಿಸ್ ಮೊದಲು ಹುಡುಕಿಕೊಂಡು ಹೋಗುವುದು ಅವರನ್ನೇ. ಒಂದೇ ಪ್ರಶ್ನೆ: ನೀವು ಮೇಲೆ ಹೋದ ಮೇಲೆ ಆ ಸಾಲಿನಲ್ಲಿ ಯಾರ ಹೆಸರು? ಕೇಳಿದ್ದೀರಾ?

ಥಾಣೆ ಡೆಸ್ಕ್

ವಕೀಲರೇ, ಕೇಳಲೇ ಇಲ್ಲ. ಸಂಬಳ ಕೇಳಿದೆ, ರಜೆ ಕೇಳಿದೆ, ಕಾರು ಕೊಡುತ್ತೀರಾ ಅಂತಲೂ ಕೇಳಿದೆ. ಇದನ್ನು ಕೇಳಲಿಲ್ಲ. ಇಪ್ಪತ್ತಾರು ವರ್ಷ ಊರಿನವರ ಕಾಪಿ ತಿದ್ದಿದವನು ನಾನು!

ಈಗ ಪುಟ ಬಿಡುವ ಹೊತ್ತು. ನಾಳೆ ಕೇಳಿ ಬರೆಯುತ್ತೇನೆ.

ಥಾಣೆ ಡೆಸ್ಕ್

ನಾಳೆ ಅಂದವನು ಎರಡು ತಿಂಗಳು ಬಿಟ್ಟು ಬರುತ್ತಿದ್ದೇನೆ, ಕ್ಷಮಿಸಿ.

ಮರುದಿನವೇ ಕೇಳಿದೆ. ಮಾಲೀಕರು ನಕ್ಕರು. "ಹೆಸರು ನಿಮ್ಮದೇ ಇರಲಿ ಬಿಡಿ. ಬದಲಾಯಿಸಲು ಮತ್ತೆ ಅರ್ಜಿ, ಪೋರ್ಟಲ್ಲು, ಸುಮ್ನೆ ಯಾಕೆ?" ಅಂದರು. ಅಂದರೆ ರಾತ್ರಿ ಸುದ್ದಿ ಆರಿಸುವವನು ಬೇರೆಯವನು, ನಾನು ಎಂಟಕ್ಕೆ ಮನೆಯಲ್ಲಿ ಊಟ ಮಾಡುತ್ತಿರುತ್ತೇನೆ, ಬೆಳಿಗ್ಗೆ ಹೊಣೆ ನನ್ನದು. ಆಗ ನನಗೆ ಎಲ್ಲ ಸರಿಯಾಗಿ ಕಂಡಿತು. ಮೂರು ಶರತ್ತು ಹಾಕಿದೆ. ಆಯ್ಕೆ ಯಾರದೋ ಹೆಸರೂ ಅವರದೇ ಇರಬೇಕು. ರಾತ್ರಿ ಒಂಬತ್ತರ ಮೇಲೆ ಮುಖಪುಟದ ಜಾಹೀರಾತನ್ನು ಒಳಗೆ ತಳ್ಳುವ ಅಧಿಕಾರ ನ್ಯೂಸ್ ಎಡಿಟರ್‌ಗೆ ಇರಬೇಕು. ಡೆಸ್ಕಿನವರನ್ನು ತೆಗೆಯುವ ಪಟ್ಟಿ ಮಾಡುವ ಮೀಟಿಂಗಿನಲ್ಲಿ ನಾನಿರಬೇಕು. ಮೂರನೆಯದು ಕೋಥ್ರೂಡ್ ಅಕ್ಕನದು, ಎರಡನೆಯದು ಡೊಂಬಿವಲಿಯವರದು.

ಮೊದಲನೆಯದು ಸಿಕ್ಕಿತು. ಮೂರನೆಯದನ್ನು ಲೆಟರಿನಲ್ಲಿ ಬರೆದು ಕೊಟ್ಟರು, ನನಗೇ ಆಶ್ಚರ್ಯ. ಎರಡನೆಯದಕ್ಕೆ ಬಾಯಿಮಾತಿನಲ್ಲಿ ಹೂಂ ಅಂದರು, ಬರೆದು ಕೊಡಲಿಲ್ಲ. ಹೋದ ಗುರುವಾರ ಪರೀಕ್ಷೆ ಆಯಿತು. ರಾತ್ರಿ ಹತ್ತಕ್ಕೆ ಹೊಸ ನ್ಯೂಸ್ ಎಡಿಟರ್ ಫೋನ್ ಮಾಡಿ, ಬಿಲ್ಡರ್ ಜಾಹೀರಾತು ಮೂರನೇ ಪುಟಕ್ಕೆ ಹಾಕುತ್ತಿದ್ದೇನೆ ಸರ್ ಅಂದ. ಕೇಳುತ್ತಿದ್ದೀಯಾ, ಹೇಳುತ್ತಿದ್ದೀಯಾ ಅಂದೆ. ಹೇಳುತ್ತಿದ್ದೇನೆ ಅಂದ. ಬೆಳಿಗ್ಗೆ ಮೇಲಿನ ಮಹಡಿಯಲ್ಲಿ ಬೈಸಿಕೊಂಡವನು ನಾನು. ಅಂಧೇರಿಯವರೇ, ಸೋಪಿನವನು ಇದ್ದಿದ್ದರೆ ಹುಡುಗನೇ ಬೈಸಿಕೊಳ್ಳುತ್ತಿದ್ದ, ನಿಮ್ಮ ಮಾತು ಅಷ್ಟರಮಟ್ಟಿಗೆ ಸರಿ. ಮಲಾಡ್ ತಂಗಿ, ನಮ್ಮಲ್ಲೂ ಆ ಸ್ಕ್ರೀನ್ ಇದೆ. ಇನ್ನೂ ಗೋಡೆಯ ಮೇಲೇ ಇದೆ. ನೋಡೋಣ.

ಹೆಸರು ಬದಲಾದ ದಿನ ಬೇಕಂತಲೇ ಬೇಗ ಎದ್ದು ಕೂತಿದ್ದೆ. ಅಮ್ಮ ಪೇಪರ್ ತಿರುಗಿಸಿದಳು, ಭೂತಗನ್ನಡಿ ಹಿಡಿದಳು. ಅಲ್ಲೇ ನಿಂತಳು. ಮತ್ತೆ ಎಡದಿಂದ ಓದಿದಳು.

"ಇದ್ಯಾರ ಮಗ?"

"ಅಂಕೋಲೆ ಕಡೆಯವನು ಅಮ್ಮ. ಒಳ್ಳೇ ಹುಡುಗ."

"ರಾತ್ರಿ ಹೊತ್ತಿಗೆ ಸರಿ ಉಣ್ತಾನಾ?"